ಹಿಂದಿನ ಸೀಟಿನವನು

ನಾವಿರುವ ಪರದೇಶದ ಊರು ಎಮರಿವಿಲ್ಲಿನ ದೋಣಿಕಟ್ಟೆಯಲ್ಲಿ ಗ್ರೀಸಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ. ಎಲ್ಲವೂ ಹಾಗೇ ನಡೆಯಿತೆಂದು ಆಣೆಯಿಡಲಾರೆ.

ನೆರೆಮನೆಯ ಮುದುಕ ಯುದ್ಧಕಾಲದಲ್ಲಿ ನೌಕಾಪಡೆಯ ತೇಲುವಿಮಾನದ ಹಿಂದಿನ ಸೀಟಿನಲ್ಲಿದ್ದವನು. ಸಮುದ್ರಕ್ಕಿಳಿದ ವಿಮಾನದ ಮೇಲೆ ನಿಂತು ಅದನ್ನು ಹಡಗಿನ ಕ್ರೇನಿನ ಕೊಕ್ಕೆಗೆ ಸಿಕ್ಕಿಸುವುದೂ ಅವನ ಕೆಲಸವಾಗಿತ್ತು. ಅಂಥದೇ ವಿಮಾನವಿದ್ದ ಹ್ಯಾಂಗರಿಗೆ, ಆಗಿನ ತನ್ನ ಪೈಲಟನ್ನು ಕಾಣಲು, ನನ್ನನ್ನೂ ನನ್ನ ಅಜ್ಜಿಯನ್ನೂ ಕರೆದೊಯ್ದ.

ಗಾಲಿಕುರ್ಚಿಯ ಪೈಲಟಿಗೆ ಮರೆವು. ಮುದುಕ ಎದುರು ನಿಂತು ಹೆಸರು ಹೇಳಿದರೂ ಗುರುತು ಹತ್ತಲಿಲ್ಲ.

“ಹಾರೂವಾಗ ಅಂವಾ ಇವನ ಮಾರಿ ಎಲ್ಲಿ ನೋಡತಿದ್ದನೋ? ಹಿಂದ ನಿಂತು ಮಾತಾಡು ಅನ್ನು,” ಎಂದಳು ಧಾರವಾಡದ ಅಜ್ಜಿ. ನಾನು ಅದನ್ನು ಮುದುಕನಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಮುದುಕ ಕುರ್ಚಿಯ ಹಿಂದೆ ಹೋಗಿ, “ಕೊಕ್ಕೆ ಸಿಕ್ಕಿತು, ಸರ್,” ಎಂದ.

ಪೈಲಟು ತಿರುಗಲಿಲ್ಲ. ಹೆಬ್ಬೆರಳೋ, ಇಡೀ ಕೈಯೋ, ಮೇಲೆತ್ತಿದ. “ಗಟ್ಟಿಯಾಗಿ ಹಿಡಿದುಕೋ ಮಾರಾಯ, ಮತ್ತೆ ನೀರಿಗೆ ಬಿದ್ದೀಯ!”

ಮುದುಕ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ನಕ್ಕೇ ನಕ್ಕ.