ತಗಡಿನ ಪಟ್ಟಿ

ಕಣ್ಣು ಮುಚ್ಚುವ ಮೊದಲು ಲೊರೇನ್ ಗಿಡದ ತಗಡಿನ ಪಟ್ಟಿಯನ್ನು ತನ್ನತ್ತ ತಿರುಗಿಸಿ ಹೆಸರು ಓದಿಕೊಂಡದ್ದನ್ನು ಎಡ್ಮಂಡ್ ನೋಡಿಬಿಟ್ಟ. ಆಮೇಲೆ ಅವಳು ಲೈಲ್ಯಾಕ್ ಹೂವಿನ ಗೊಂಚಲಿಗೆ ಮೂಗು ಒತ್ತಿದಳು. “ಸೆನ್ಸೇಷನ್,” ಎಂದಳು. “ಐಸ್‌ಕ್ರೀಮ್ ನೀನೇ ಕೊಡಿಸ್ಬೇಕು.”

ರಾಚೆಸ್ಟರ್‌ನ ಈ ಪಾರ್ಕಿನಲ್ಲಿ ಹೂ ಬಿಟ್ಟ ಮೊದಲ ಭಾನುವಾರ, ಮೂವತ್ತೊಂದು ವರ್ಷದಿಂದ ಗಂಡ ಹೆಂಡತಿಯ ಪಂದ್ಯ ಇದೇ: ಕಣ್ಣು ಮುಚ್ಚಿ, ವಾಸನೆಯಿಂದಲೇ ಲೈಲ್ಯಾಕ್ ಗಿಡದ ತಳಿಯ ಹೆಸರು ಹೇಳುವುದು. ಅವಳು ಒಮ್ಮೆಯೂ ಸೋತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅವಳು ಕಾಫಿ ಚಪ್ಪೆ ಅಂದಾಗ ಅವನು ಪುಡಿ ಬದಲಿಸಿದ್ದ. ಅವಳ ತಾಯಿಯ ಕೈ ನಡುಗುವ ಕಾಯಿಲೆಯೂ ಮೂಗಿಗೆ ವಾಸನೆ ಹತ್ತದಾಗುವುದರಿಂದಲೇ ಶುರುವಾಗಿತ್ತು.

“ಈ ಸಲಾನೂ ನೀನೇ ಗೆದ್ದೆ ಕಣೆ. ಸಾಕು, ಹೋಗೋಣ.”

“ಸಾಕಂತೆ. ಹೆದರ್ಕೊಂಡ್ಯಾ?” ಅವಳು ಪಕ್ಕದ ಗಿಡಕ್ಕೆ ನಡೆದಳು. ಅದರಲ್ಲಿ ಪಟ್ಟಿಯಿರಲಿಲ್ಲ, ಪಟ್ಟಿ ಕಟ್ಟಿದ್ದ ತಂತಿಯಷ್ಟೇ ಉಳಿದಿತ್ತು. ಅವಳು ಕಣ್ಣು ಮುಚ್ಚಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ತಂತಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಟ್ಟಳು.

“ಇವತ್ತು ಗಾಳಿ ಜಾಸ್ತಿ, ಎಡ್. ವಾಸನೆ ನಿಲ್ತಾನೇ ಇಲ್ಲ.”

ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. “ಹೌದು, ಏನ್ ಗಾಳಿ,” ಎಂದು ಎಡ್ಮಂಡ್ ಜಾಕೆಟ್ಟಿನ ಕಾಲರನ್ನು ಕಿವಿಯವರೆಗೆ ಎಳೆದುಕೊಂಡ.