ಹೊಳೆದಂಡೆಯ ಹೆಸರು

ಹೊಳೆಗೆ ಇಳಿಯುವ ಮೊದಲೇ ಖಾಲಿದನ ಹೆಸರು ಬದಲಾಯಿತು. ಬದಲಾಯಿಸಿದವನು ಬೇರೆ ಯಾರೂ ಅಲ್ಲ, ಕಾಲೇಜಿನಿಂದಲೂ ಒಂದೇ ಡಬ್ಬಿಯಲ್ಲಿ ಉಂಡ ಗೆಳೆಯ ಮಚ್ಛೇಂದ್ರ. ಮೆಹಕರದ ಆಚೆ, ಮಾಂಜ್ರಾ ದಂಡೆಯ ಹೊಲದ ಬದಿಗೆ ಕಾರು ನಿಲ್ಲಿಸಿ, ಬೀಡಿಗೆ ಕಡ್ಡಿಪೆಟ್ಟಿಗೆ ಕೇಳುವಷ್ಟೇ ಸಲೀಸಾಗಿ ಹೇಳಿದ:

"ಇದು ನಮ್ಮ ಮಾವನ ಹೊಲ. ಮಾವ ಸ್ವಲ್ಪ ಹಳೇ ಮನುಷ್ಯಾ. ಇವತ್ತೊಂದಿನ ನೀ ಕಿಶನ."

ತಮಾಷೆಯೆಂದುಕೊಂಡು ಖಾಲಿದ ನಕ್ಕ. ಮಚ್ಛೇಂದ್ರ ನಗಲಿಲ್ಲ.

"ಮೊದಲೇ ಹೇಳಿದ್ರ ನಾ ಬರ್ತಿದ್ದಿಲ್ಲಲ್ಲೋ."

"ಅದಕ್ಕೇ ಹೇಳಲಿಲ್ಲ. ನೀ ಇಲ್ದೇ ಗಾಳ ಹಾಕಿದ್ರ ಮಜಾ ಬರ್ತದೇನು?"

ಹಿಂದಿನ ಸೀಟಿನಿಂದ ಇನ್ನೊಬ್ಬ ಗೆಳೆಯ ಸುಶೀಲಕುಮಾರ ಮೈಮುರಿಯುತ್ತ ಇಳಿದ. "ನಾನೂ ಇಲ್ಲಿ ಬೌದ್ಧ ಅಲ್ಲಪ್ಪ, ಪಾಟೀಲ. ಇವನ ಮದವೀಗಿ ಬಂದಾಗಿಂದ ಪಾಟೀಲ, ನೀ ಆಗ ಊರಾಗಿದ್ದಿಲ್ಲ. ನಾ ಏನರ ಅಂದೆನೇನು?"

ಏನೂ ಅನ್ನಲಿಲ್ಲವಲ್ಲ, ಅದೇ ತಪ್ಪಾಯಿತು ಎಂಬ ಮಾತು ಖಾಲಿದನ ನಾಲಗೆಯ ತುದಿಗೆ ಬಂತು. ಕಾರಿನಿಂದ ಕೋಲುಗಳನ್ನು ಇಳಿಸತೊಡಗಿದ.

ಪ್ರತಿ ವರ್ಷ ಹೋಳಿ ಮುಗಿದು ಬೇವು ಚಿಗುರಿದ ಕೂಡಲೇ ಮೂವರೂ ಮೀನಿಗೆ ಹೊರಡುವವರು. ಹಿಮಾಚಲದ ಬೆಟ್ಟದ ಹೊಳೆಗಳಲ್ಲಿ ಪುಕ್ಕದಿಂದ ಮಾಡಿದ ಹುಸಿ ಹುಳ ಕಟ್ಟಿದ ಗಾಳ ಬೀಸುವ ವಿಡಿಯೊಗಳನ್ನು ನೋಡಿ ನೋಡಿ, ಮುಂದಿನ ವರ್ಷ ಅಲ್ಲಿಗೇ ಎಂದು ಆಣೆ ಹಾಕಿ, ಕೊನೆಗೆ ಬಂದು ನಿಲ್ಲುವುದು ಇದೇ ಮಾಂಜ್ರಾದಲ್ಲಿ. ಕೊಳಾರದ ಗೋದಾಮಿನ ಕೆಲಸ ಮುಗಿಸಿ ಬಂದು ಖಾಲಿದ ಚಳಿಗಾಲವಿಡೀ ಕೋಳಿಪುಕ್ಕ, ರೇಷ್ಮೆದಾರ ಹಿಡಿದು ಮೂವರಿಗೂ ಹುಳ ಕಟ್ಟುತ್ತಿದ್ದ. ಔರಾದ ಕಡೆಯ ಅವರ ಹಳೆಯ ಜಾಗ ಈ ಸಲ ಮರಳಿನ ಲಾರಿಗಳ ಪಾಲಾಗಿತ್ತು. ಹಾಗಾಗಿ ಮಾವನ ಹೊಲ.

"ಇವ ಕಿಶನ ಅಂತರಿ ಮಾವ, ನಮ್ಮ ದೋಸ್ತ" ಎಂದ ಮಚ್ಛೇಂದ್ರ.

ಮಾವ ಒಳ್ಳೆಯವನೇ. ಖಾಲಿದನಿಗೆ ಹೆಚ್ಚು ಉರಿದದ್ದು ಅದಕ್ಕೇ. ಮುದುಕ ಕಲ್ಲಂಗಡಿ ಒಡೆದು ಎಲ್ಲರಿಗಿಂತ ದೊಡ್ಡ ಹೋಳನ್ನು ಅವನ ಕೈಗಿಟ್ಟು, "ತಿನ್ನು ಕಿಶನ, ಭಾಳ ಸೊರಗೀದಿ" ಎಂದ. ಆ ಅಕ್ಕರೆ ತನಗಲ್ಲ, ಕಿಶನನೆಂಬ ಯಾವನಿಗೋ. ಎದ್ದು ಭಾಲ್ಕಿಯ ಬಸ್ಸು ಹಿಡಿಯೋಣ ಎನಿಸಿತು. ಎದ್ದರೆ ಇಷ್ಟು ವರ್ಷದ ಗೆಳೆತನ ಇಲ್ಲೇ ಮುಗಿಯುತ್ತದೆ. ಹಾಳಾದ ಗೆಳೆತನ! ಕೋಲು ಹಿಡಿದು ನೀರಿಗಿಳಿದ.

ಮೊಣಕಾಲು ಮಟ್ಟದ ನೀರು. ಗಾಳ ಬೀಸಿದ. ಮೀನು ಕಚ್ಚಿತು, ಕೋಲು ಬಾಗಿತು, ಹಿಗ್ಗಿನಲ್ಲಿ ಒಂದು ಹೆಜ್ಜೆ ಮುಂದಿಟ್ಟ. ಯಾರೋ ಮರಳು ಬಗೆದ ಗುಂಡಿ. ಕಾಲಡಿ ನೆಲವೇ ಇಲ್ಲ. ಈಜು ಬಾರದ ಖಾಲಿದ ಮುಳುಗಿದ, ಎದ್ದ, ಮತ್ತೆ ಮುಳುಗಿದ.

"ಕಿಶನ! ಏ ಕಿಶನ!" ಮಚ್ಛೇಂದ್ರ ದಂಡೆಯಿಂದ ಅರಚಿದ. ಗೆಳೆಯನ ಜೀವ ಹೋಗುವ ಹೊತ್ತಿನಲ್ಲೂ ಪುಣ್ಯಾತ್ಮ ಹೆಸರು ತಪ್ಪಲಿಲ್ಲ.

ಮುದುಕ ಎತ್ತಿನ ಹಗ್ಗ ಹಿಡಿದು ಓಡಿ ಬಂದ. ಖಾಲಿದನ ಎದೆಯಾಳದಿಂದ 'ಯಾ ಅಲ್ಲಾ' ಬಾಯಿಯ ತನಕ ಬಂತು. ಅಷ್ಟರಲ್ಲಿ ಹಗ್ಗ ಕಂಡಿತು, ಹಗ್ಗ ಹಿಡಿದ ಕೈ ಕಂಡಿತು. ಹಲ್ಲು ಕಚ್ಚಿ, ಬಂದ ಕೂಗನ್ನು ಹೊಳೆಯ ನೀರಿನ ಜೊತೆ ನುಂಗಿಕೊಂಡ.

ದಂಡೆಗೆ ಎಳೆದು ಹಾಕಿದರು. ಕೆಮ್ಮಿ ಕೆಮ್ಮಿ ನೀರು ಕಾರಿದ. ಮುದುಕ ತನ್ನ ಹೆಗಲ ಮೇಲಿನ ವಸ್ತ್ರದಿಂದಲೇ ಅವನ ತಲೆ ಒರೆಸಿ ಬೆನ್ನು ತಿಕ್ಕಿದ. ಗೆಳೆಯರಿಬ್ಬರೂ ಎಲ್ಲೆಲ್ಲೋ ನೋಡುತ್ತ ನಿಂತಿದ್ದರು. ಉಸಿರು ನೆಟ್ಟಗಾಯಿತೆಂದು ಗೊತ್ತಾದ ಮೇಲೆ ಮುದುಕ ತಲೆ ಕೊಡವಿದ.

"ಎಂಥಾ ಮನುಷ್ಯಾನೋ ನೀ! ಜೀವ ಹೋಗ್ಲಾಕತ್ತಿತ್ತು, ಒಂದು ಸಲಾನೂ ನಿನ್ನ ಬಾಯಾಗ ದೇವರ ಹೆಸರು ಬರಲಿಲ್ಲಲ್ಲೋ."