ಒಂದು ಕಂಬದಷ್ಟು ಜಾಗ

ಮೂರು ಬಾವುಟಗಳನ್ನು ಎದೆಗವಚಿಕೊಂಡು ಬರುತ್ತಿದ್ದ ಕಾರ್ಪೊರಲ್ ಗರಾಯ್ ಮೈದಾನದ ನಡುವೆ ಗಕ್ಕನೆ ನಿಂತ. ಎದುರಿಗಿದ್ದ ಹಳೆಯ ಧ್ವಜಕಂಬದ ಬುಡದಲ್ಲಿ ಯಾರೋ ನಮೆಲೆ ಎಂಬ, ಈಚಲಿನಂಥ ಗಿಡದ ಗರಿಯೊಂದನ್ನು ನೆಟ್ಟಿದ್ದರು. ಪಕ್ಕದಲ್ಲಿ ಹಿಂದಿನ ಸಂಜೆ ತೋಡಿದ್ದ ಎರಡು ಹೊಸ ಗುಂಡಿಗಳಲ್ಲೂ ಒಂದೊಂದು ಗರಿ. ಆ ಗುಂಡಿಗಳಿಗಾಗಿ ಹಡಗಿನಲ್ಲಿ ಬಂದಿದ್ದ ಉಕ್ಕಿನ ಕಂಬಗಳು ಹುಲ್ಲಿನ ಮೇಲೆ ಮಲಗಿದ್ದವು. ನಮೆಲೆ ನೆಟ್ಟ ಜಾಗವನ್ನು ನೆಟ್ಟವನೇ ಕೀಳುವ ತನಕ ವನುವಾಟುವಿನಲ್ಲಿ ಕೋಳಿಗಳು ಮಾತ್ರ ದಾಟುತ್ತವೆ.

"ಯಾಕೆ ನಿಂತ್ಬಿಟ್ರಿ? ಏಳೂ ಮುಕ್ಕಾಲಾಯ್ತು. ಎಂಟಕ್ಕೆ ಬಾವುಟ ಏರ್ಬೇಕು" ಎಂದ ಪ್ರಾಂತ್ಯ ಕಚೇರಿಯ ಕಲ್ಮೆಟ್. ಅವನು ರಾಜಧಾನಿಯಿಂದ ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಸ್ವಾತಂತ್ರ್ಯ ದಿನಕ್ಕೆ ಅಲ್ಲಿಯ ಹಾಗೆ ಇಲ್ಲೂ ಮೂರು ಬಾವುಟ ಸಾಲಾಗಿ ಹಾರಬೇಕು, ದೇಶದ್ದು, ಪ್ರಾಂತ್ಯದ್ದು, ಸೇನಾದಳದ್ದು, ಎಂಬುದು ಅವನದೇ ಏರ್ಪಾಟು. ನಮೆಲೆ ಅಂದರೇನು ಎಂದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಕಾರ್ಪೊರಲ್‌ಗಿಂತ ಎರಡು ಹೆಜ್ಜೆ ಹಿಂದೆ ನಿಂತಿದ್ದ.

"ನೀವೇ ಕಿತ್ತುಬಿಡಿ ಸಾರ್."

"ನಾನು ಆಡಳಿತ. ಕೀಳೋದೆಲ್ಲ ನಿಮ್ಮ ಕಡೆಯವರ ಕೆಲಸ."

"ನೆಟ್ಟಿರೋದು ನನ್ನ ಸೋದರಮಾವ. ಈ ಜಾಗ ಅವರದು."

"ಅದಕ್ಕೇ ತಾನೇ ನಿಮ್ಮನ್ನೇ ಕಳಿಸಿ ಅಂತ ಕೇಳಿ ತರಿಸ್ಕೊಂಡಿದ್ದು? ಮನೆ ಹುಡುಗ ಹೇಳಿದ್ರೆ ಕೇಳ್ತಾರೆ ಅಂತ."

ಗರಾಯ್‌ಗೆ ನಗು ಬಂತು, ನಗಲಿಲ್ಲ. ಈ ದ್ವೀಪದಲ್ಲಿ ಸೋದರಮಾವ ಹೇಳುತ್ತಾನೆ, ಅಳಿಯ ಕೇಳುತ್ತಾನೆ. ತಿರುಗಾಮುರುಗಾ ನಡೆದದ್ದನ್ನು ಯಾರೂ ಕಂಡಿಲ್ಲ. ಗರಿ ದಾಟಿದರೆ ಇನ್ನು ತಾಯಿಯ ಊರಿನಲ್ಲಿ ಮದುವೆಗಾಗಲಿ ಸಾವಿಗಾಗಲಿ ಅವನಿಗೆ ಚಾಪೆ ಹಾಸುವವರಿಲ್ಲ. ದಾಟದಿದ್ದರೆ, ಬಾವುಟ ಏರಲಿಲ್ಲ ಎಂಬ ವರದಿ ಮಧ್ಯಾಹ್ನದೊಳಗೆ ಅವನ ಹೆಸರು ಹೊತ್ತು ದಳದ ಕಚೇರಿ ಮುಟ್ಟುತ್ತದೆ.

ಮಾವ ಹಕ್ವಾ ಮೈದಾನದಂಚಿನ ಆಲದ ಬೇರಿನ ಮೇಲೆ ಕೂತು, ಬಾಳೆಲೆಯಲ್ಲಿ ಸುತ್ತಿದ ಲಾಪ್‌ಲಾಪ್ ಕಡುಬು ಬಿಡಿಸಿಕೊಂಡು ನಿಧಾನವಾಗಿ ತಿನ್ನುತ್ತಿದ್ದ. ಊರಿನವರು ಮೈದಾನದ ಸುತ್ತ ಹೊಸ ಬಟ್ಟೆ ಉಟ್ಟು, ಬಾವುಟದ ಬದಲು ಅವನನ್ನೇ ನೋಡುತ್ತಿದ್ದರು.

"ಊಟ ಆಯ್ತೇನೋ?" ಎಂದ ಮಾವ, ಹತ್ತಿರ ಬಂದ ಗರಾಯ್‌ನನ್ನು ನೋಡಿ.

"ಆಯ್ತು ಮಾವ."

"ಸುಳ್ಳು ಹೇಳ್ಬೇಡ. ಕೂತ್ಕೋ, ತಿನ್ನು." ಮುರಿದುಕೊಟ್ಟ ತುಂಡನ್ನು ಗರಾಯ್ ಬಾವುಟಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡೇ ತಿಂದ. ಮಾವ ಕಲ್ಮೆಟ್‌ಗೆ ಕೇಳುವಂತೆ ಹೇಳಿದ: "ಎಂಬತ್ತನೇ ಇಸವೀಲಿ, ಸ್ವಾತಂತ್ರ್ಯ ಬಂದಾಗ, ನಮ್ಮಪ್ಪ ಒಂದು ಕಂಬಕ್ಕೆ ಅಂತ ಜಾಗ ಕೊಟ್ಟ. ಒಂದು ದೇಶ, ಒಂದು ಗುಂಡಿ. ನಿನ್ನೆ ನಾನು ತೋಟದಿಂದ ಬರೋ ಹೊತ್ತಿಗೆ ಮೂರಾಗಿದೆ. ನನ್ನ ಕೇಳಿದ್ರಾ?"

"ಹಿರಿಯರೇ, ಗಡಿಬಿಡೀಲಿ ಆಗೋಯ್ತು" ಎಂದು ಕಲ್ಮೆಟ್ ಹತ್ತಿರ ಬಂದ. "ಅಲ್ಲಾ, ನೋಡಿ, ದೇಶದ ಬಾವುಟದಲ್ಲೇ ನಮೆಲೆ ಇದೆ. ಸರ್ಕಾರದ್ದು ಎರಡು ಗರಿ."

"ನಿಮ್ಮದು ಬಟ್ಟೆ ಮೇಲಿದೆ. ನನ್ನದು ನೆಲದಲ್ಲಿದೆ."

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಕೆಮ್ಮಿದರು. ಕಲ್ಮೆಟ್ ಗಡಿಯಾರ ನೋಡಿಕೊಂಡ. ಅದೂ ಅವನ ಪಕ್ಷ ವಹಿಸುವಂತಿರಲಿಲ್ಲ.

ಗರಾಯ್ ಬೆರಳು ಒರೆಸಿಕೊಂಡ. ಮಾವನ ಮುಖ ನೋಡದೆ, ತನ್ನ ಮೊಣಕಾಲಿಗೆ ಹೇಳುವಂತೆ ಕೇಳಿದ: "ಮಾವ, ನೀವು ಬೇಡ ಅಂದಿದ್ದು ಬಾವುಟಕ್ಕಾ, ಗುಂಡಿಗಾ?"

ಹಕ್ವಾ ಬಹಳ ಹೊತ್ತು ಅಗಿದ. "ಬಾವುಟ ಗಾಳೀಲಿರೋದು. ಗಾಳಿ ನಮ್ಮಪ್ಪಂದಲ್ಲ. ನನ್ನ ಜಗಳ ಗುಂಡಿ ಮೇಲೆ."

"ಹಂಗಾದ್ರೆ ಎರಡು ಬೊಂಬು ಕೊಡ್ಸಿ. ಆ ಎರಡನ್ನ ನೆಡಲ್ಲ. ಹಿಡ್ಕೊಂಡು ನಿಲ್ತೀವಿ."

"ನಿಲ್ತೀವಿ ಅಂದ್ರೆ ಯಾರ್ಯಾರು?" ಎಂದ ಕಲ್ಮೆಟ್.

"ದಳದ್ದು ನಾನು ಹಿಡೀತೀನಿ. ಪ್ರಾಂತ್ಯ ಅಂದ್ರೆ ನೀವೇ ತಾನೇ ಸಾರ್."

ಹಕ್ವಾ ಎದ್ದ. ಹಳೆಯ ಕಂಬದ ಬುಡದ ಗರಿಯನ್ನು ಕಿತ್ತು ತೊಡೆಗೆ ಒಮ್ಮೆ ಕೊಡವಿದ. ಗುಂಡಿಗಳ ಗರಿಗಳನ್ನು ಮುಟ್ಟಲಿಲ್ಲ. ಅವು ಏಳಬೇಕಾದರೆ ಕಚೇರಿಯವರು ಕೋರೆ ಸುತ್ತಿಬಂದ ಹಂದಿಯೊಂದನ್ನು ತಪ್ಪುಕಾಣಿಕೆಯಾಗಿ ತಂದು ಕೂತು ಮಾತಾಡಬೇಕು. "ಬೊಂಬಿನ ಬುಡ ನೆಲಕ್ಕೆ ತಾಗಬಾರ್ದು" ಎಂದಷ್ಟೇ ಹೇಳಿದ.

ಎಂಟಕ್ಕೆ ಸರಿಯಾಗಿ ದೇಶದ ಬಾವುಟ ಏರಿತು. ಅದರ ಎಡಬಲಕ್ಕೆ ಹಸಿಬೊಂಬು ಹಿಡಿದು ಇಬ್ಬರು. ಹಾಡು ಮುಗಿಯಿತು, ಪಾದ್ರಿಯ ಪ್ರಾರ್ಥನೆ ಮುಗಿಯಿತು. ಪ್ರಾಂತ್ಯದ ಅಧ್ಯಕ್ಷರ ಭಾಷಣ ಮಾತ್ರ ಮುಗಿಯುವ ಲಕ್ಷಣ ಕಾಣಲಿಲ್ಲ. ಕಡಲ ಗಾಳಿ ಎದ್ದಿತು. ಕಂಬದ ಮೇಲಿನ ಬಾವುಟ ತನ್ನ ಪಾಡಿಗೆ ಹಾರುತ್ತಿತ್ತು. ಮಿಕ್ಕ ಎರಡು ಹಿಡಿದವರ ತೋಳುಗಳನ್ನು ಜಗ್ಗುತ್ತಿದ್ದವು. ಕಲ್ಮೆಟ್ ಮೊದಲು ಸೋತ. ಆಚೆ ಈಚೆ ನೋಡಿ, ಬೊಂಬಿನ ಬುಡವನ್ನು ಮೆಲ್ಲಗೆ ತನ್ನ ಹೊಳೆಯುವ ಶೂ ಮೇಲೆ ಇಳಿಸಿಕೊಂಡ. ಅದನ್ನು ಕಂಡು ಗರಾಯ್ ಕೂಡ ತನ್ನದನ್ನು ಬೂಟಿನ ಮೇಲೆ ಇಟ್ಟುಕೊಂಡ.

ಹಕ್ವಾ ಸಾಲಿನ ಮುಂದೆ ನಡೆದು ಬಂದ. ಬಾಗಿ ಬೂಟನ್ನೂ ಶೂವನ್ನೂ ನೆಲವನ್ನೂ ಪರೀಕ್ಷಿಸಿದ.

"ಇನ್ನೂ ಎಷ್ಟೊತ್ತು ಹಿರಿಯರೇ ಹಿಂಗೇ ನಿಂತಿರೋದು?" ಎಂದ ಕಲ್ಮೆಟ್, ತುಟಿ ಅಲುಗಿಸದೆ.

"ನಿಂತಿರಪ್ಪ, ಎಷ್ಟೊತ್ತಾದ್ರೂ ನಿಂತಿರು" ಎಂದ ಮುದುಕ. "ನಿಂತ್ಕೊಳ್ಳೋರನ್ನ ಈ ನೆಲ ಯಾವತ್ತೂ ಬೇಡ ಅಂದಿಲ್ಲ. ಕೇಳ್ಬೇಕಾಗಿರೋದು ಗುಂಡಿ ತೋಡಿ ಊರ್ಕೊಳ್ಳೋರು."